ಚೀಟಿ ವೇದಿಕೆ ತಲುಪಲಿ

ಬೆಂಗಳೂರು, ಮೈಸೂರಿನ ಹಲವು ಸಭೆಗಳು ಈಗ ಸಂಗೀತ ಕಛೇರಿಗಳನ್ನು ಯೂಟ್ಯೂಬ್‌ನಲ್ಲೋ ಫೇಸ್‌ಬುಕ್‌ನಲ್ಲೋ ನೇರಪ್ರಸಾರ ಮಾಡುತ್ತವೆ. ಹಿಂದಿನ ಸಾಲಿನಲ್ಲಿ ಒಂದು ಕ್ಯಾಮೆರಾ, ಮಿಕ್ಸರ್‌ನಿಂದ ಒಂದು ವೈರು, ಅಲ್ಲಿಗೆ ವ್ಯವಸ್ಥೆ ಮುಗಿಯಿತು. ಮನೆಯಲ್ಲಿ ಕೂತವರು ಕಾಮೆಂಟಿನಲ್ಲಿ ಭಲೇ ಅನ್ನುತ್ತಾರೆ, ಕಾಂಭೋಜಿ ಆಲಾಪನೆಗೆ ಕೈಮುಗಿಯುತ್ತಾರೆ, ಇಂಥ ದೇವರನಾಮ ಹಾಡಿ ಎಂದು ಕೇಳಿಕೊಳ್ಳುತ್ತಾರೆ. ವೇದಿಕೆಯಲ್ಲಿದ್ದವರಿಗೆ ಅದರ ಸುಳಿವೂ ಇರುವುದಿಲ್ಲ. ನನ್ನ ತಕರಾರು ಇಷ್ಟೇ: ಕೇಳುಗರ ಮಾತು ಹಾಡುವವರನ್ನು ಮುಟ್ಟದಿದ್ದರೆ ಅದು ಪ್ರಸಾರವಾದೀತು, ಕಛೇರಿಯಾಗದು. ಮುಟ್ಟಿಸುವುದು ಕಷ್ಟವೇನಲ್ಲ, ಮನಸ್ಸು ಮಾಡಬೇಕು.

ನಮ್ಮ ಕಛೇರಿ ಯಾವತ್ತೂ ಒಮ್ಮುಖವಾಗಿ ನಡೆದದ್ದಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾ ತಲೆದೂಗಿದರೆ ನೆರವಲ್ ಇನ್ನೆರಡು ಆವರ್ತ ಬೆಳೆಯುತ್ತದೆ. ತನಿ ಆವರ್ತನ ಮುಗಿಯುವ ಹೊತ್ತಿಗೆ ಕೋರಿಕೆಯ ನಾಲ್ಕಾರು ಚೀಟಿಗಳು ವೇದಿಕೆ ಸೇರಿರುತ್ತವೆ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳಲ್ಲಿ ಚಪ್ಪರದ ಹೊರಗೆ ನಿಂತವರೂ ಲೆಕ್ಕಕ್ಕೆ ಸೇರಿದ ಕೇಳುಗರೇ. 2020ರ ರಾಮನವಮಿ ಲಾಕ್‌ಡೌನ್ ನಡುವೆ ಬಂತು. ಕಲಾವಿದರು ಫೋನಿನ ಮುಂದೆ ಕೂತು ಹಾಡತೊಡಗಿದ್ದು ಆ ದಿನಗಳಲ್ಲಿ.

ನಿರ್ಬಂಧ ಸಡಿಲವಾದ ಮೇಲೆ, ಪರಿಚಯದ ಗಾಯಕಿಯೊಬ್ಬರು ತಮ್ಮ ಮನೆಯ ಹಾಲಿನಿಂದ ಹೀಗೆ ಹಾಡಿದಾಗ ನಾನು ಅಲ್ಲಿದ್ದೆ. ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಅದಕ್ಕೆ ಫೋನ್ ಒರಗಿಸಿದ್ದರು. ತೋಡಿ ಆಲಾಪನೆ ಮುಗಿಸಿ ಅಭ್ಯಾಸಬಲದಿಂದ ತಲೆಯೆತ್ತಿದರು. ಪಿಟೀಲಿನವರು ಮೆಲ್ಲಗೆ ಶಹಭಾಸ್ ಅಂದದ್ದು ಬಿಟ್ಟರೆ ಎದುರಿಗೆ ಏನೂ ಇಲ್ಲ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಧಾರವಾಡ, ದುಬೈ, ಡಲ್ಲಾಸ್‌ನವರ ಮೆಚ್ಚುಗೆ ಒಂದರ ಮೇಲೊಂದು ಬರುತ್ತಿತ್ತು. ಮಗಳಿಗೆ ತಡೆಯಲಾಗಲಿಲ್ಲ. ಕ್ಯಾಲೆಂಡರಿನ ಹಿಂಬದಿ ಹರಿದು ಅದರಲ್ಲಿ ಮೂರು ಸಾಲು ಬರೆದು, ಕ್ಯಾಮೆರಾಕ್ಕೆ ಸಿಗದ ಹಾಗೆ ನೆಲದ ಮೇಲೆ ಅಮ್ಮನ ಕಡೆ ಸರಿಸಿದಳು. ಗಾಯಕಿ ಅದನ್ನು ಓದಿ, ಕೇಳಿದವರ ಊರಿನ ಹೆಸರು ಹೇಳಿ ಪುರಂದರದಾಸರ ಪದವೊಂದನ್ನು ಎತ್ತಿಕೊಂಡರು. ಅಲ್ಲಿಂದಾಚೆಗಿನ ಹಾಡಿಕೆಯ ಕಳೆಯೇ ಬೇರೆ.

ದೂರದವರೂ ಕೂಡಿ ತಾಳ ಹಾಕುವಂತೆ ಮಾಡಲಾಗದೇ ಎಂದು ಕೆಲವರು ಕೇಳುತ್ತಾರೆ. ಆಗದು, ಅದಕ್ಕೆ ಕಾರಣ ಸ್ಪಷ್ಟ. ಒಂದು ಮೀಟರ್ ಸಾಗಲು ಶಬ್ದಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಗಾಯಕರಿಗೂ ಮೃದಂಗದವರಿಗೂ ನಡುವಿನ ವಿಳಂಬ ಹೀಗಾಗಿ 10 ಮಿಲಿಸೆಕೆಂಡ್ ದಾಟುವುದೇ ಅಪರೂಪ. ಅದು 25-30ಕ್ಕೆ ಏರಿದರೆ ಕಾಲಪ್ರಮಾಣ ಜಗ್ಗತೊಡಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕು ಹರಿದರೂ ಒಂದು ದಾರಿಗೇ 70 ಮಿಲಿಸೆಕೆಂಡ್ ಹಿಡಿಯುತ್ತದೆ. ಇನ್ನು ಯೂಟ್ಯೂಬ್ ನೇರಪ್ರಸಾರ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೂ ಹಿಂದೆ ಇರುತ್ತದೆ.

ಈ ತಡವನ್ನು ಒಪ್ಪಿಕೊಂಡೇ ಕಛೇರಿ ಕಟ್ಟಬೇಕು. ಅಮೆರಿಕದ ಸಂಯೋಜಕ ಎರಿಕ್ ವಿಟೇಕರ್ 2013ರ ಟೆಡ್ ಸಮ್ಮೇಳನದಲ್ಲಿ ಮಾಡಿದ್ದು ಅದನ್ನೇ. ವೇದಿಕೆಯ ಮೇಲೆ ಗಾಯಕವೃಂದ, ಪರದೆಯ ಮೇಲೆ ಬೇರೆ ಬೇರೆ ದೇಶಗಳಿಂದ ಸ್ಕೈಪ್‌ನಲ್ಲಿ ಸೇರಿದ ಗಾಯಕರು. ಎಲ್ಲರೂ ಒಂದೇ ಕ್ಷಣಕ್ಕೆ ಹಾಡಲೇಬೇಕೆಂಬ ಹಟ ಬಿಟ್ಟು, ದನಿಗಳು ಹಿಂದೆ ಮುಂದೆ ಹರಡಿದರೂ ಚೆನ್ನಾಗಿಯೇ ಕೇಳುವಂತೆ ತಮ್ಮ 'ಕ್ಲೌಡ್‌ಬರ್ಸ್ಟ್' ಕೃತಿಯನ್ನು ಅವರು ಮಾರ್ಪಡಿಸಿದ್ದರು. ಕೊರಿಯಾದ ಬಿಟಿಎಸ್ ತಂಡದ ಬಳಿ ಹಣವಿತ್ತು, ಸ್ವಂತ ವೇದಿಕೆಯಿತ್ತು. 2020ರ ಜೂನ್ 14ರ ಅವರ ಆನ್‌ಲೈನ್ ಕಛೇರಿಯನ್ನು 107 ದೇಶಗಳಿಂದ 7.56 ಲಕ್ಷ ಮಂದಿ ಏಕಕಾಲಕ್ಕೆ ನೋಡಿದರು. ಅದೇ ಅಕ್ಟೋಬರಿನಲ್ಲಿ ಅಭಿಮಾನಿಗಳ ಮುಖಗಳನ್ನೂ ದನಿಯನ್ನೂ ವೇದಿಕೆಯ ಪರದೆಗೇ ತಂದರು. ನಮ್ಮ ಸಭೆಗಳಿಗೆ ಅಷ್ಟು ದೊಡ್ಡ ಪರದೆ ಬೇಕಿಲ್ಲ.

ಬೇಕಾಗಿರುವುದು ರಾಗ ತಿಳಿದ ಒಬ್ಬ ಶಿಷ್ಯ ಅಥವಾ ಶಿಷ್ಯೆ, ಕೈಯಲ್ಲಿ ಒಂದು ಲ್ಯಾಪ್‌ಟಾಪ್. ರಾಗ ತಾನ ಪಲ್ಲವಿಯಲ್ಲಿ ತಾನ ನಡೆಯುವಷ್ಟು ಹೊತ್ತು, ರಾಗಮಾಲಿಕೆಗೆ ಯಾವ ರಾಗಗಳಿರಲಿ ಎಂದು ದೂರದ ಕೇಳುಗರನ್ನು ಕೇಳಲಿ. ಪಲ್ಲವಿಯ ಸ್ವರಗಳಿಗೆ ಬರುವಷ್ಟರಲ್ಲಿ ಪಟ್ಟಿ ವಿದ್ವಾಂಸರ ಮುಂದಿರುತ್ತದೆ. ಅರ್ಧ ನಿಮಿಷದ ತಡ ಲೆಕ್ಕಕ್ಕೇ ಬರುವುದಿಲ್ಲ. ತನಿಯ ಹೊತ್ತಿನಲ್ಲಿ ದೇವರನಾಮಗಳ ಕೋರಿಕೆ ತೆಗೆದುಕೊಳ್ಳಬಹುದು. ಯಾವುದನ್ನು ಹಾಡುವುದು, ಯಾವುದನ್ನು ಬಿಡುವುದು ಎಂಬುದು ಹಾಡುವವರ ಇಷ್ಟ. ಮತಗಳಿಕೆಯಿಂದ ರಾಗ ಗೆಲ್ಲಿಸುವ ಆಟ ನನಗೂ ಬೇಡ. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇರಲಿ, ಬಂದ ಹಣದಲ್ಲಿ ಪಕ್ಕವಾದ್ಯದವರ ಪಾಲು ಎಷ್ಟೆಂದು ಮೊದಲೇ ಹೇಳಿರಲಿ. ಮೃದಂಗದವರಿಗೆ ಹಾರ, ಶಾಲು ಮಾತ್ರ ಸಿಗುವ ನೇರಪ್ರಸಾರಗಳು ನಿಲ್ಲಬೇಕು.

ಎರಡು ತಾಂತ್ರಿಕ ಎಚ್ಚರಿಕೆ ಹೇಳಲೇಬೇಕು. ವಿಡಿಯೊ ಕರೆಯ ಆ್ಯಪ್‌ಗಳು ಫ್ಯಾನಿನ ಗುಂಯ್‌ಗುಡುವಿಕೆಯಂಥ ಒಂದೇ ಸಮನೆ ಬರುವ ಸದ್ದನ್ನು ಅಳಿಸುವಂತೆ ರೂಪುಗೊಂಡಿವೆ. ತಂಬೂರಿಯ ಶ್ರುತಿಯೂ ಅವಕ್ಕೆ ಅಂಥದೇ ಗದ್ದಲ. ಸದ್ದಡಗಿಸುವ ಆ ಸೆಟ್ಟಿಂಗ್ ಆಫ್ ಮಾಡದಿದ್ದರೆ ಶ್ರುತಿಯೇ ಇಲ್ಲದ ಹಾಡು ಊರೂರಿಗೆ ಹೋಗುತ್ತದೆ. ಇನ್ನೊಂದು, ಹಕ್ಕುಸ್ವಾಮ್ಯದ ಯಾಂತ್ರಿಕ ತಪಾಸಣೆ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಅವರ ಕೃತಿಗಳ ಮೇಲೆ ಇಂದು ಯಾರ ಒಡೆತನವೂ ಇಲ್ಲ. ಆದರೂ ಹಳೆಯ ಧ್ವನಿಮುದ್ರಣಕ್ಕೆ ಹೋಲುತ್ತದೆಂದು ತಪ್ಪಾಗಿ ಎಣಿಸಿ ಯಂತ್ರ ಪ್ರಸಾರಕ್ಕೆ ಅಡ್ಡ ಬರಬಹುದು. ಆಕ್ಷೇಪಕ್ಕೆ ಉತ್ತರ ಕೊಡಲು ಸಭೆಯವರೊಬ್ಬರು ಸಿದ್ಧರಿರಬೇಕು, ಆ ತಲೆನೋವು ಕಲಾವಿದರಿಗೆ ಬೇಡ.

ಕಾರ್ಯದರ್ಶಿಗಳಲ್ಲಿ ಒಂದು ಕೋರಿಕೆ, ವೇಳೆಯದು. ನಮ್ಮ ಸಂಜೆ ಆರು ಗಂಟೆಯ ಕಛೇರಿ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಬೇಸಿಗೆಯಲ್ಲಿ ನಸುಕಿನ ಐದೂವರೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಅವರಿಗೆ ಶನಿವಾರ ಸಂಜೆ ಆರೂವರೆ. ಮಕ್ಕಳನ್ನು ಕೂರಿಸಿಕೊಂಡು ಕೇಳಬಹುದು. ನಮಗೂ ಬಿಲಹರಿಯನ್ನು ಅದರ ಹೊತ್ತಿನಲ್ಲೇ ಕೇಳಿದಂತಾಗುತ್ತದೆ. ತಿಂಗಳಿಗೆ ಒಂದು ಕಛೇರಿಯನ್ನಾದರೂ ಆ ವೇಳೆಗೆ ಇಡಿ.