ಮಕ್ಕಳ ಮನಸ್ಸಿನ ಚಿಕಿತ್ಸೆಗೆ ಪ್ರಮಾಣಪತ್ರವಷ್ಟೇ ಸಾಲದು



ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರ ತೀರ್ಪಿನಲ್ಲಿ ನಿರ್ದೇಶಿಸಿದೆ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂಬ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ನೋಡಿದರೆ ಇಂಥ ಆದೇಶ ಇನ್ನೂ ಮೊದಲೇ ಬರಬೇಕಿತ್ತು. ಆದರೆ ಅದೇ ನಿರ್ದೇಶನದಲ್ಲಿ ಇನ್ನೊಂದು ಮಾತಿದೆ, ಅದರ ಬಗ್ಗೆ ಚರ್ಚೆಯೇ ಆಗುತ್ತಿಲ್ಲ. ನೇಮಕವಾಗುವವರು ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದಿರಬೇಕು, ಆ ತರಬೇತಿಗೆ ಆಧಾರವೂ ಇರಬೇಕು. ಈ ತರಬೇತಿಯನ್ನು ಕೊಡಬೇಕಾದ ನಮ್ಮ ವಿಶ್ವವಿದ್ಯಾಲಯಗಳು ಅದಕ್ಕೆ ಸಿದ್ಧವಾಗಿಲ್ಲ. ಅವು ಸಿದ್ಧವಾಗದ ಹೊರತು ಈ ಆದೇಶ ಹುದ್ದೆ ತುಂಬುವ ಕಾಗದದ ಕೆಲಸವಾಗಿ ಮುಗಿಯುತ್ತದೆ ಎಂಬುದು ನನ್ನ ಆಕ್ಷೇಪ.

ಮಕ್ಕಳ ಚಿಕಿತ್ಸಾ ಮನಃಶಾಸ್ತ್ರವೆಂದರೆ ದೊಡ್ಡವರಿಗೆ ಹೇಳುವುದನ್ನೇ ಸ್ವಲ್ಪ ಸರಳ ಮಾಡಿ ಹೇಳುವುದಲ್ಲ. ಮಗು ತಾನಾಗಿ ಸಹಾಯ ಕೇಳಿಕೊಂಡು ಬರುವುದು ಅಪರೂಪ. ಅಪ್ಪ ಅಮ್ಮನೋ ಮೇಷ್ಟರೋ ಕರೆದುತರುತ್ತಾರೆ, ದೂರು ಕೂಡ ಅವರದೇ ಆಗಿರುತ್ತದೆ. ಖಿನ್ನತೆಯಿರುವ ಹುಡುಗ ದುಃಖವಾಗುತ್ತಿದೆ ಎನ್ನುವುದಿಲ್ಲ. ಮಾತುಮಾತಿಗೂ ಸಿಡುಕುತ್ತಾನೆ, ಹೊಟ್ಟೆನೋವೆನ್ನುತ್ತಾನೆ, ಶಾಲೆಗೆ ಹೋಗಲು ಒಲ್ಲೆನೆನ್ನುತ್ತಾನೆ. ಓದಿನಲ್ಲಿ ಹಿಂದೆ ಬಿದ್ದವಳಿಗೆ ಇರುವುದು ಕಲಿಕಾ ತೊಂದರೆಯೋ, ಕಿವಿಯ ದೋಷವೋ, ಮನೆಯಲ್ಲಿ ನಡೆಯುತ್ತಿರುವ ಹಿಂಸೆಯೋ ಎಂದು ಬೇರ್ಪಡಿಸಿ ನೋಡಬೇಕು. ಐದು ವರ್ಷಕ್ಕೆ ಸಹಜವಾದ ವರ್ತನೆ ಹತ್ತು ವರ್ಷಕ್ಕೆ ಸಹಜವಲ್ಲ ಎಂಬ ಅಳತೆ ಕೈವಶವಾಗಿರಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಡಿ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆಗ ಮಗುವಿನ ನಂಬಿಕೆ ಕಳೆದುಕೊಳ್ಳದೆ ಕಾನೂನನ್ನೂ ಪಾಲಿಸುವುದು ಹೇಗೆಂದು ಪುಸ್ತಕ ಓದಿ ಕಲಿಯಲಾಗದು. ಅನುಭವಿಗಳ ಪಕ್ಕದಲ್ಲಿ ಕುಳಿತು, ಮಕ್ಕಳೊಂದಿಗೆ ತಿಂಗಳುಗಟ್ಟಲೆ ಕೆಲಸ ಮಾಡಿ, ತಪ್ಪು ತಿದ್ದಿಸಿಕೊಂಡೇ ಕಲಿಯಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂದು ಹೇಳುವಾಗ, ಎಂ.ಫಿಲ್. ಪದವಿಗೆ ಎರಡು ವರ್ಷದ ಪೂರ್ಣಾವಧಿ ಓದನ್ನೂ ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿಯನ್ನೂ ಕೇಳಿದ್ದು ಸುಮ್ಮನಲ್ಲ.

ಆ ಎಂ.ಫಿಲ್. ಪದವಿಯೇ ಈಗ ಅತಂತ್ರವಾಗಿದೆ. 2022ರ ನಿಯಮಾವಳಿಯಲ್ಲಿ ಯುಜಿಸಿ ಎಂ.ಫಿಲ್. ಅನ್ನು ಕೈಬಿಟ್ಟಿತು; ಕ್ಲಿನಿಕಲ್ ಸೈಕಾಲಜಿಗೆ 2025–26ರ ಶೈಕ್ಷಣಿಕ ವರ್ಷದವರೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಭಾರತೀಯ ಪುನರ್ವಸತಿ ಪರಿಷತ್ತು ಹೊಸ ಮಾದರಿಯ ಪದವಿಗಳನ್ನು ರೂಪಿಸಿದೆ. ಅಂದರೆ ಪಠ್ಯಕ್ರಮ ಹೊಸದಾಗಿ ಬರೆಯುವ ಕಾಲವೂ ಸುಪ್ರೀಂ ಕೋರ್ಟಿನ ಆದೇಶ ಜಾರಿಯಾಗಬೇಕಾದ ಕಾಲವೂ ಒಂದೇ ಆಗಿವೆ. ಈಗ ಮಕ್ಕಳ ವಿಭಾಗವನ್ನು ಒಂದು ಐಚ್ಛಿಕ ಪತ್ರಿಕೆಗೆ ಇಳಿಸಿಬಿಟ್ಟರೆ ಮುಂದಿನ ಒಂದು ತಲೆಮಾರಿನ ಮನಃಶಾಸ್ತ್ರಜ್ಞರು ದೊಡ್ಡವರ ಕಾಯಿಲೆಗಳನ್ನು ಮಾತ್ರ ಬಲ್ಲವರಾಗುತ್ತಾರೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪವೊಂದಿದೆ, ಅದು ಹಗುರವಾದದ್ದಲ್ಲ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿವೆ. ಇಷ್ಟು ಮಕ್ಕಳು ಕಾಯುತ್ತಿರುವಾಗ ವರ್ಷಗಟ್ಟಲೆ ಓದಿಸುತ್ತ ಕೂರುವುದು ಸರಿಯೇ, ಶಿಕ್ಷಕರಿಗೇ ಕೆಲವು ದಿನ ತರಬೇತಿ ಕೊಟ್ಟರಾಗದೇ ಎಂದು ಕೇಳುತ್ತಾರೆ. ಬಿಹಾರದ ನಳಂದಾ ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದನ್ನು ಪರೀಕ್ಷಿಸಿಯೇ ನೋಡಲಾಗಿದೆ. ‘ಸೆಹರ್’ ಎಂಬ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರೂ ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ ಸಾಮಾನ್ಯ ಸಮಾಲೋಚಕರೂ ನಡೆಸಿದರು. ಸಮಾಲೋಚಕರಿದ್ದ ಕಡೆ ಖಿನ್ನತೆಯ ಲಕ್ಷಣಗಳೂ ಮಕ್ಕಳು ಮಕ್ಕಳನ್ನು ಪೀಡಿಸುವುದೂ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಆ ಪ್ರಯೋಜನ ಕಾಣಲಿಲ್ಲ. 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶವಿದು. ಪಾಠ, ಪರೀಕ್ಷೆ, ಗಣತಿ, ಬಿಸಿಯೂಟ ಎಲ್ಲವನ್ನೂ ಹೊತ್ತಿರುವ ಶಿಕ್ಷಕರ ತಲೆಗೆ ಇದನ್ನೂ ಕಟ್ಟುವುದು ಅವರಿಗೂ ಮಕ್ಕಳಿಗೂ ಮಾಡುವ ಅನ್ಯಾಯ.

ಹಾಗಾದರೆ ಆ ಸಮಾಲೋಚಕರೂ ಮನಃಶಾಸ್ತ್ರಜ್ಞರಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ನಾನು ಅದನ್ನು ಒಪ್ಪುತ್ತೇನೆ. ಪ್ರತಿ ಶಾಲೆಗೂ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕೆಂದು ನಾನು ಕೇಳುತ್ತಿಲ್ಲ. ಶಾಲೆಯ ಸಮಾಲೋಚಕರಿಗೆ ತರಬೇತಿ ಕೊಡುವವರು, ವಾರವಾರವೂ ಅವರ ಕೆಲಸ ಪರಿಶೀಲಿಸುವವರು, ಕೈಮೀರಿದ ಮಗುವನ್ನು ತಾವು ವಹಿಸಿಕೊಳ್ಳುವವರು ಪ್ರತಿ ಜಿಲ್ಲೆಯಲ್ಲೂ ಬೇಕು. ಅಂಥವರನ್ನು ಸಿದ್ಧಪಡಿಸಬಲ್ಲದ್ದು ವಿಶ್ವವಿದ್ಯಾಲಯ ಮಾತ್ರ. ಮೇಲ್ವಿಚಾರಕರಿಲ್ಲದೆ ಸಾವಿರಾರು ಸಮಾಲೋಚಕರನ್ನು ಶಾಲೆಗಳಿಗೆ ಕಳಿಸಿದರೆ, ಸಾಯುವ ಮಾತಾಡಿದ ಮಗುವಿನ ಎದುರು ಅವರು ಒಂಟಿಯಾಗುತ್ತಾರೆ.

ಇಂಥ ಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಲಾಗದು ಎನ್ನುವವರಿಗೆ ನಮ್ಮ ನೆಲದ ಇತಿಹಾಸವೇ ಉತ್ತರ ಹೇಳುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಆರಂಭಿಸಿದ್ದು 1924ರಲ್ಲಿ. ವಿ.ವಿ. ಕಾಮತರು ಬೀನೆಯ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬೀನೆ–ಕಾಮತ್ ಪರೀಕ್ಷೆ ಇಂದಿಗೂ ದೇಶದ ಹಲವು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಇದು ಹೆಮ್ಮೆಯ ವಿಷಯ; ಅಷ್ಟೇ ಕಳವಳದ ವಿಷಯವೂ ಹೌದು. ತೊಂಬತ್ತು ವರ್ಷದ ಹಿಂದಿನ ಮಕ್ಕಳ ಮೇಲೆ ಕಟ್ಟಿದ ಮಾನದಂಡದಿಂದ ಇಂದಿನ ಮಗುವಿನ ಬುದ್ಧಿಮತ್ತೆ ಅಳೆದು, ಅದರ ಆಧಾರದ ಮೇಲೆ ಪ್ರಮಾಣಪತ್ರ ಕೊಡುವುದು ಎಷ್ಟು ಸರಿ? ಕಲಬುರಗಿಯ ಮಗುವಿನ ಕನ್ನಡ ಬೇರೆ, ಕುಂದಾಪುರದ ಮಗುವಿನ ಕನ್ನಡ ಬೇರೆ, ಮನೆಯಲ್ಲಿ ಉರ್ದು, ತುಳು, ಲಂಬಾಣಿ ಆಡುವ ಮಕ್ಕಳ ಪಾಡು ಬೇರೆ. ಈ ಪರೀಕ್ಷೆಗಳನ್ನು ಹೊಸದಾಗಿ ಕಟ್ಟುವ ಸಂಶೋಧನೆಯೂ ಇಲ್ಲಿನ ವಿಭಾಗಗಳದೇ ಹೊಣೆ, ಹೊರಗಿನವರು ಬಂದು ಮಾಡಿಕೊಡುವುದಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸ ಕಟ್ಟಡ ಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳಿವೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ವಿಭಾಗಗಳಿವೆ, ಪಕ್ಕದಲ್ಲೇ ವಿಶ್ವವಿದ್ಯಾಲಯಗಳಿವೆ. ಅವು ಒಂದುಗೂಡಿ ತರಬೇತಿ ನಡೆಸಬೇಕು, ತರಬೇತಿಯಲ್ಲಿರುವವರಿಗೆ ವೈದ್ಯ ವಿದ್ಯಾರ್ಥಿಗಳಂತೆ ಶಿಷ್ಯವೇತನ ಸಿಗಬೇಕು, ಓದಿ ಬಂದವರಿಗೆ ಜಿಲ್ಲೆಯಲ್ಲಿ ಕಾಯಂ ಹುದ್ದೆ ಇರಬೇಕು. ಉನ್ನತ ಶಿಕ್ಷಣ, ಆರೋಗ್ಯ ಮತ್ತು ಶಾಲಾ ಶಿಕ್ಷಣ ಇಲಾಖೆಗಳು ಸಮಾಲೋಚಕರ ನೇಮಕದ ಅಧಿಸೂಚನೆ ಹೊರಡಿಸುವ ಮೊದಲು, ಯಾವ ತರಬೇತಿಯನ್ನು ಅರ್ಹತೆಯೆಂದು ಪರಿಗಣಿಸುತ್ತೇವೆ, ಅದರಲ್ಲಿ ಮಕ್ಕಳೊಂದಿಗೆ ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ ಎಷ್ಟಿರಬೇಕು ಎಂಬುದನ್ನು ಜನರ ಮುಂದಿಡಲಿ. ಪೋಷಕರೂ ತಮ್ಮ ಮಕ್ಕಳ ಶಾಲೆಯಲ್ಲಿ ಇದೇ ಪ್ರಶ್ನೆ ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ, ಧಾರವಾಡ