ಪುದ್ಗಲದ ಏಕತೆ, ದ್ರವ್ಯಗಳ ಭೇದ

ಪೀಣ್ಯದ ಲೇತು ಯಂತ್ರಗಳ ಸದ್ದಿನ ನೆರೆಯಲ್ಲಿಯೇ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. ಉಪಗ್ರಹವನ್ನು ಕಕ್ಷೆಯಲ್ಲಿ ಹಿಡಿದಿರುವುದು ಗುರುತ್ವ. ಅದರ ಸಂದೇಶವನ್ನು ಅಲ್ಲಿಗೆ ತರುವುದು ವಿದ್ಯುತ್ಕಾಂತ ತರಂಗ. ಈ ಎರಡು ಬಲಗಳಿಗೂ ಮೂಲ ಒಂದೆಯೇ ಎಂಬ ಪ್ರಶ್ನೆಗೆ ಭೌತವಿಜ್ಞಾನ ಇನ್ನೂ ಉತ್ತರ ಕಂಡಿಲ್ಲ.

ಒಂದುಗೂಡಿಸುವ ಯತ್ನ ಮಾತ್ರ ಹಳೆಯದು. ವಿದ್ಯುತ್ತು, ಕಾಂತತ್ವ, ಬೆಳಕುಗಳನ್ನು ಮ್ಯಾಕ್ಸ್‌ವೆಲ್ ಒಂದಾಗಿ ಕಂಡರು. ಅವುಗಳೊಡನೆ ದುರ್ಬಲ ಬಲವನ್ನು ಸೇರಿಸಿದ ಗ್ಲಾಶೋ, ಸಲಾಂ, ವೈನ್‌ಬರ್ಗ್ 1979ರಲ್ಲಿ ನೊಬೆಲ್ ಪಡೆದರು. ಪರಮಾಣು ಬೀಜದ ಪ್ರಬಲ ಬಲವನ್ನೂ ಸೇರಿಸುವ ಊಹೆಗಳು ಅದೇ ದಶಕದಲ್ಲಿ ಹುಟ್ಟಿದವು. ಅವುಗಳಲ್ಲಿ ಹಲವು ನಿಜವಾಗಬೇಕಾದರೆ ಪ್ರೋಟಾನ್ ಸಹ ಎಂದಾದರೊಮ್ಮೆ ಕ್ಷಯಿಸಬೇಕು. ಆ ಕ್ಷಣವನ್ನು ಹಿಡಿಯಲು 1980ರ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನೀ ವಿಜ್ಞಾನಿಗಳೊಡನೆ ಕಾದು ಕುಳಿತರು. ಕ್ಷಯವೆಂದು ತೋರಿದ ಕೆಲವು ಗುರುತುಗಳು ದೊರೆತವು. ಮುಂದಿನ ದೊಡ್ಡ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ. ಪ್ರೋಟಾನ್ ಕ್ಷಯ ಇಂದಿಗೂ ಖಚಿತವಾಗಿ ಕಂಡಿಲ್ಲ.

ಇಂಥ ಸಂಗತಿ ಕೇಳಿದೊಡನೆ "ಇದೆಲ್ಲ ನಮ್ಮ ಆಗಮದಲ್ಲಿ ಮೊದಲೇ ಇದೆ" ಎನ್ನುವ ಶ್ರಾವಕರುಂಟು. ಅಭಿಮಾನ ಸಹಜ, ವಾದ ಅಪಾಯಕರ. ಕಳೆದ ಶತಮಾನದಲ್ಲಿ ಧರ್ಮದ್ರವ್ಯವೆಂದರೆ ಈಥರ್ ಎಂದು ಬರೆದ ಜೈನ ಲೇಖಕರಿದ್ದರು. ಬೆಳಕಿನ ವಾಹಕವೆಂದು ನಂಬಿದ್ದ ಆ ಈಥರನ್ನು ಐನ್‌ಸ್ಟೈನ್ 1905ರಲ್ಲಿಯೇ ಅನಗತ್ಯವೆಂದು ಬದಿಗಿಟ್ಟಿದ್ದರು. ಈಥರಿಗೆ ಕಟ್ಟಿದ ಧರ್ಮದ್ರವ್ಯದ ಗತಿಯೇನು? ಶಾಸ್ತ್ರದ ಧರ್ಮದ್ರವ್ಯ ಯಾವುದನ್ನೂ ತಳ್ಳುವುದಿಲ್ಲ, ಎಳೆಯುವುದಿಲ್ಲ. ಈಜುವ ಮೀನಿಗೆ ನೀರಿನಂತೆ, ಚಲಿಸುವುದಕ್ಕೆ ಉದಾಸೀನ ನಿಮಿತ್ತ. ಅದು ಬಲವೇ ಅಲ್ಲ.

ಆಚಾರ್ಯರು ಹೇಳಿದ್ದು ಬೇರೆ, ಮತ್ತು ಅದೇ ಹೆಚ್ಚು ಸ್ವಾರಸ್ಯಕರ. ಪೃಥ್ವಿ, ಜಲ, ಅಗ್ನಿ, ವಾಯುಗಳಿಗೆ ಬೇರೆ ಬೇರೆ ಪರಮಾಣುಗಳೆಂದರು ವೈಶೇಷಿಕರು. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವು ನಾಲ್ಕಕ್ಕೂ ಪರಮಾಣುವೊಂದನ್ನೇ ಕಾರಣವಾಗಿಸಿತು: ಜಾತಿ ಒಂದೇ, ಪರಿಣಮನ ಹಲವು. ಇದು ಪ್ರಯೋಗದ ಫಲವಲ್ಲ, ತತ್ತ್ವವಿಚಾರದ ಫಲ. ಹಾಗೆಂದು ಅದರ ಬೆಲೆ ತಗ್ಗುವುದಿಲ್ಲ. ಆದರೆ ಈ ಏಕತೆಯ ಗಡಿ ಪುದ್ಗಲ. ಜೀವ, ಧರ್ಮ, ಅಧರ್ಮ, ಆಕಾಶ, ಕಾಲಗಳು ಅದರಲ್ಲಿ ಕರಗುವುದಿಲ್ಲ. ಸರ್ವವೂ ಒಂದೇ ಎಂಬ ಅದ್ವೈತದ ಮಾತಿಗೆ ಜೈನದರ್ಶನ ಒಪ್ಪಿದ್ದಿಲ್ಲ. ಏಕೀಕರಣದ ಸುದ್ದಿ ಬಂದಾಗ ನಮ್ಮವರೇ ಇದನ್ನು ಮರೆಯುವುದು ವಿಚಿತ್ರ.

ನಾಲ್ಕು ಬಲಗಳೂ ಒಂದೇ ಸಮೀಕರಣಕ್ಕೆ ಬಂದ ದಿನವೂ ಅದನ್ನು ಅರಿಯುವ ಜೀವ ಆ ಸಮೀಕರಣದ ಹೊರಗೇ ಇರುತ್ತದೆ ಎಂಬುದು ಜೈನರ ನಿಲುವು. ಒಪ್ಪದ ವಿಜ್ಞಾನಿಗಳು ಬಹಳ ಮಂದಿ. ಅವರೊಡನೆ ವಾದಿಸಬಯಸುವ ಶ್ರಾವಕನು ಈಥರ್, ಪ್ರೋಟಾನ್‌ಗಳ ಆಸರೆಯಿಲ್ಲದೆ ಪಂಚಾಸ್ತಿಕಾಯವನ್ನು ಒಮ್ಮೆ ಅದರದೇ ಪರಿಭಾಷೆಯಲ್ಲಿ ಓದಿರಬೇಕಾಗುತ್ತದೆ.