ಬೆನ್ನ ಹಿಂದೆ ಬರುವವನು ಕಾಣುವುದು ಹೇಗೆ? ಕ್ವಾರ್ಟರ್‌ಬ್ಯಾಕ್‌ನ ‘ಆರನೇ ಇಂದ್ರಿಯ’ದ ಅಸಲಿ ಕಥೆ

ಅಮೆರಿಕನ್ ಫುಟ್‌ಬಾಲ್‌ನ ಒಂದು ಬಗೆಯ ವಿಡಿಯೊ ಆಗಾಗ ನಮ್ಮ ಫೋನುಗಳಿಗೂ ಬಂದು ಬೀಳುತ್ತದೆ. ಹೆಲ್ಮೆಟ್ ತೊಟ್ಟ ಆಟಗಾರನೊಬ್ಬ ಚೆಂಡು ಹಿಡಿದು ದೂರಕ್ಕೆ ನೋಡುತ್ತ ನಿಂತಿರುತ್ತಾನೆ. ಅವನ ಬೆನ್ನ ಹಿಂದಿನಿಂದ ನೂರು ಕಿಲೋ ದಾಟಿದ ಆಸಾಮಿಯೊಬ್ಬ ನುಗ್ಗಿ ಬರುತ್ತಾನೆ. ಇನ್ನೇನು ಹಿಡಿದೇಬಿಟ್ಟ ಎನ್ನುವಾಗ ಈತ ತಿರುಗಿಯೂ ನೋಡದೆ ಒಂದೇ ಒಂದು ಹೆಜ್ಜೆ ಮುಂದಿಡುತ್ತಾನೆ. ಬಂದವನು ಗಾಳಿಯನ್ನು ತಬ್ಬಿಕೊಂಡು ನೆಲಕ್ಕೆ ಬೀಳುತ್ತಾನೆ. ವಿಡಿಯೊ ಜೊತೆ ‘ತಲೆಯ ಹಿಂದೆಯೂ ಕಣ್ಣಿದೆ’, ‘ಇದೇ ಆರನೇ ಇಂದ್ರಿಯ’ ಎಂಬಂಥ ಒಕ್ಕಣೆ ಇರುತ್ತದೆ.

ಕಣ್ಣೂ ಇಲ್ಲ, ಆರನೇ ಇಂದ್ರಿಯವೂ ಇಲ್ಲ. ಹುಟ್ಟಿನಿಂದಲೇ ಬಂದ ವರ ಎನ್ನುವುದಕ್ಕೂ ಆಧಾರ ಸಾಲದು. ಅಲ್ಲಿ ನಡೆಯುವುದು ಅದಕ್ಕಿಂತ ಕುತೂಹಲದ ಸಂಗತಿ. ಅದನ್ನು ಕಲಿಯುವಾಗ ಹುಡುಗರು ತೆರುವ ಬೆಲೆಯೂ ಸಣ್ಣದಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ಎರಡೂ ಕಡೆ 11 ಜನ. ನಮ್ಮ ಫುಟ್‌ಬಾಲ್‌ನಂತೆ ಇದು ಸತತವಾಗಿ ಹರಿಯುವುದಿಲ್ಲ, ತುಂಡುತುಂಡಾಗಿ ನಡೆಯುತ್ತದೆ. ಪ್ರತಿ ತುಂಡಿನ ಆರಂಭದಲ್ಲಿ ನಡುವಿನ ಆಟಗಾರ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಇದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಅದನ್ನು ಪಡೆಯುವವನೇ ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ದೈತ್ಯರು ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಆ ಗೋಡೆ ಕುಸಿಯುವುದರೊಳಗೆ ಆತ ಯಾವ ಜೊತೆಗಾರ ಬಿಡುವಾಗಿದ್ದಾನೆಂದು ಹುಡುಕಿ ಚೆಂಡು ಎಸೆಯಬೇಕು. ಎಸೆಯುವ ಮೊದಲೇ ಎದುರಾಳಿ ಅವನನ್ನು ಕೆಡವಿದರೆ ಅದು ‘ಸ್ಯಾಕ್’. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ ಮೂರು ಸೆಕೆಂಡ್ ತುಂಬುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ.

ಮನುಷ್ಯನ ಎರಡೂ ಕಣ್ಣು ಸೇರಿ ಅಡ್ಡಡ್ಡಲಾಗಿ ಹೆಚ್ಚೆಂದರೆ 180ರಿಂದ 200 ಡಿಗ್ರಿ ಕಾಣುತ್ತವೆ. ಅಂದರೆ ಬೆನ್ನ ಹಿಂದಿನದ್ದು ಕತ್ತಲೆಯೇ. ಬಲಗೈಯಲ್ಲಿ ಎಸೆಯುವವನು ಎಡಭುಜ ಮುಂದೆ ಮಾಡಿ ನಿಲ್ಲುವುದರಿಂದ ಅವನ ಎಡಗಡೆಯ ಹಿಂಭಾಗ ಪೂರ್ತಿ ಕುರುಡು. ಆ ಕುರುಡು ಬದಿಯ ಭಯ ಬರೀ ಮಾತಲ್ಲ. 1985ರ ನವೆಂಬರ್ 18ರಂದು ಟಿವಿಯಲ್ಲಿ ನೇರಪ್ರಸಾರವಾಗುತ್ತಿದ್ದ ಪಂದ್ಯದಲ್ಲಿ ವಾಷಿಂಗ್ಟನ್ ತಂಡದ ಜೋ ಥೀಸ್‌ಮನ್ ಅವರನ್ನು ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಕೆಡವಿದಾಗ ಅವರ ಕಾಲಿನ ಮೂಳೆ ಮುರಿಯಿತು. ಥೀಸ್‌ಮನ್ ಮತ್ತೆಂದೂ ಆಡಲಿಲ್ಲ.

ಹಾಗಾದರೆ ಹಿಂದೆ ಬರುವವನು ಗೊತ್ತಾಗುವುದು ಹೇಗೆ? ಬಹುಪಾಲು ಉತ್ತರ ಸ್ನ್ಯಾಪ್‌ಗೂ ಮೊದಲಿನ ಕೆಲವು ಸೆಕೆಂಡುಗಳಲ್ಲಿದೆ. ಫಾರ್ವರ್ಡ್ ವಿಡಿಯೊದಲ್ಲಿ ಕತ್ತರಿಸಿ ಹಾಕುವುದು ನಿಖರವಾಗಿ ಆ ಭಾಗವನ್ನೇ! ಆಗ ಕ್ವಾರ್ಟರ್‌ಬ್ಯಾಕ್ ಲೆಕ್ಕ ಹಾಕುತ್ತಿರುತ್ತಾನೆ. ತನ್ನ ಕಡೆ ತಡೆಯುವವರು ಐವರು, ಎದುರು ನುಗ್ಗಲು ಸಜ್ಜಾದವರು ಆರು ಜನ ಎಂದರೆ ಒಬ್ಬ ತಡೆಯಿಲ್ಲದೆ ಬರುವುದು ಖಚಿತ. ಗೋಡೆ ಯಾವ ಕಡೆಗೆ ವಾಲುತ್ತದೆ ಎಂಬುದೂ ಅವನಿಗೆ ಗೊತ್ತಿರುವುದರಿಂದ ಆ ಒಬ್ಬ ಯಾವ ದಿಕ್ಕಿನಿಂದ ಬರಬಹುದು ಎಂಬ ಅಂದಾಜೂ ಇರುತ್ತದೆ. ನಮಗೆ ಪವಾಡದಂತೆ ಕಾಣುವುದು ಅವನಿಗೆ ಆಗಲೇ ಬಿಡಿಸಿಟ್ಟ ಕೂಡಿಸು-ಕಳೆ ಲೆಕ್ಕ.

ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ ಎಂಬ ವಿಜ್ಞಾನಿಗಳು ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ಅಳೆದು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬ್ಯಾಟ್ಸ್‌ಮನ್ ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲ. ಕೈಬಿಟ್ಟ ಕ್ಷಣ ನೋಡಿ, ಅದು ಪುಟಿಯಲಿರುವ ಜಾಗಕ್ಕೆ ಕಣ್ಣನ್ನು ಮೊದಲೇ ಒಯ್ದು ಕಾಯುತ್ತಾನೆ ಎಂದು ಅದು ತೋರಿಸಿತು. ಆಟಗಾರ ಪಳಗಿದಷ್ಟೂ ಈ ಜಿಗಿತ ಬೇಗ. ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಕನಿಷ್ಠ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಆ ಸಮಯ ಸಾಲದ ಕಡೆ ಊಹೆಯೇ ಕೆಲಸ ಮಾಡಬೇಕು.

ಇನ್ನೊಂದು ಸಂಗತಿ, ಒಳಗಿನ ಗಡಿಯಾರ. ಮೂರು ಹೆಜ್ಜೆ, ಐದು ಹೆಜ್ಜೆ, ಏಳು ಹೆಜ್ಜೆ ಹಿಂದಕ್ಕೆ ಹೋಗುವ ಕಾಲಿನ ಲಯವನ್ನು ಕೋಚ್‌ಗಳು ಹುಡುಗರಿಗೆ ಸಾವಿರಾರು ಬಾರಿ ಮಾಡಿಸುತ್ತಾರೆ. ಕೊನೆಯ ಹೆಜ್ಜೆ ಊರಿದಾಗ ಮೊದಲ ಜೊತೆಗಾರ ಬಿಡುವಾಗಿಲ್ಲವೆಂದರೆ ಮುಂದಿನವನು. ಅವನೂ ಇಲ್ಲವೆಂದರೆ ಗೋಡೆ ಸಡಿಲವಾಗುವ ಹೊತ್ತು ಬಂತು ಎಂದು ಕಾಲೇ ಹೇಳುತ್ತದೆ. ಬದಿಗಳಿಂದ ಬರುವ ಎದುರಾಳಿ ಗೋಡೆಯನ್ನು ಬಳಸಿಕೊಂಡು ಅರ್ಧವೃತ್ತದಲ್ಲಿ ಬರಬೇಕಾದ್ದರಿಂದ ಆ ಹೊತ್ತಿಗೆ ಒಂದು ಹೆಜ್ಜೆ ಮುಂದೆ ಸರಿದರೆ ಸಾಕು, ಆತ ಬೆನ್ನ ಹಿಂದೆ ಹಾದುಹೋಗುತ್ತಾನೆ. ವಿಡಿಯೊದ ಆ ಒಂದು ಹೆಜ್ಜೆ ಇದೇ.

ಕಣ್ಣಿನ ಪಾಲೂ ಇದೆ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗವನ್ನು ಮಾತ್ರ ನಾವು ಸ್ಪಷ್ಟವಾಗಿ ನೋಡುತ್ತೇವೆ. ಉಳಿದದ್ದು ಮಸುಕು. ಆದರೆ ಕಣ್ಣಂಚಿಗೆ ಅಕ್ಷರ ಓದಲು ಬಾರದಿದ್ದರೂ ಏನೋ ಅಲುಗಿತು ಎಂಬುದು ಚೆನ್ನಾಗಿ ತಿಳಿಯುತ್ತದೆ. ಪಳಗಿದವನು ದೃಷ್ಟಿಯನ್ನು ದೂರದ ಜೊತೆಗಾರರ ಮೇಲಿಟ್ಟು, ನುಗ್ಗುವವರನ್ನು ಕಣ್ಣಂಚಿಗೆ ಬಿಡುತ್ತಾನೆ. ಹೊಸಬ ಮಾಡುವುದು ಇದರ ತಿರುಗುಮುರುಗು. ನಾಲ್ಕು ಪೆಟ್ಟು ತಿಂದ ಮೇಲೆ ಅವನ ಕಣ್ಣು ತಾನಾಗಿ ಹತ್ತಿರದ ದೈತ್ಯರ ಕಡೆ ಇಳಿಯುತ್ತದೆ. ಆಗ ದೂರದವರು ಕಾಣುವುದಿಲ್ಲ, ಎಸೆಯಲು ಯಾರೂ ಸಿಗುವುದಿಲ್ಲ, ಮತ್ತೆ ಪೆಟ್ಟು. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್‌ನ 22 ವರ್ಷದ ಸ್ಯಾಮ್ ಡಾರ್ನಲ್ಡ್ ಪಂದ್ಯದ ನಡುವೆ ‘ನನಗೆ ದೆವ್ವಗಳು ಕಾಣುತ್ತಿವೆ’ ಎಂದದ್ದು ಮೈಕಿನಲ್ಲಿ ಸಿಕ್ಕಿ ದೇಶವೆಲ್ಲ ನಕ್ಕಿತು. ಆ ಪಂದ್ಯವನ್ನು ಅವರ ತಂಡ 33–0ರಿಂದ ಸೋತಿತ್ತು. ನಗುವ ಮಾತೇನಲ್ಲ ಅದು. ಇಲ್ಲದ ಒತ್ತಡವೂ ಇದೆ ಎನಿಸುವ ಸ್ಥಿತಿಯನ್ನು ಇಷ್ಟು ಸರಿಯಾಗಿ ಹೇಳಿದವರು ಕಡಿಮೆ. ಐದು ವರ್ಷಗಳ ನಂತರ, 2024ರಲ್ಲಿ, ಅದೇ ಡಾರ್ನಲ್ಡ್ ಮಿನ್ನೆಸೋಟ ತಂಡವನ್ನು ಲೀಗ್ ಹಂತದ 17 ಪಂದ್ಯಗಳಲ್ಲಿ 14ರಲ್ಲಿ ಗೆಲ್ಲಿಸಿದರು.

ಇದನ್ನೆಲ್ಲ ಅಭ್ಯಾಸದಲ್ಲೇ ಕಲಿಸಬಾರದೇಕೆ? ಕಲಿಸುತ್ತಾರೆ, ಕೋಚ್‌ಗಳು ಮೆತ್ತನೆಯ ದಿಂಬುಗಳನ್ನು ಹಿಡಿದು ಹುಡುಗನನ್ನು ಅತ್ತಿತ್ತ ನೂಕುತ್ತ ‘ಕಣ್ಣು ಮೇಲೆ’ ಎಂದು ಕೂಗುತ್ತಾರೆ. ಆದರೆ ಎನ್‌ಎಫ್‌ಎಲ್ ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಬೇರೆ ಬಣ್ಣದ, ಹೆಚ್ಚಾಗಿ ಕೆಂಪು, ಅಂಗಿ ತೊಡಿಸುತ್ತಾರೆ. ಅವನನ್ನು ಯಾರೂ ಕೆಡವಬಾರದು ಎಂಬುದು ಅದರ ಅರ್ಥ. ಹಾಗಾಗಿ ನಿಜವಾದ ಒತ್ತಡ ಸಿಗುವುದು ಪಂದ್ಯದಲ್ಲೇ, ಪಾಠದ ಶುಲ್ಕ ಕಟ್ಟುವುದು ಮೈಯೇ. 2022ರ ಸೆಪ್ಟೆಂಬರ್ 29ರಂದು ಮಯಾಮಿಯ ಟುವಾ ಟಾಗೊವೈಲೋವಾ ಒಂದು ಸ್ಯಾಕ್‌ನಲ್ಲಿ ತಲೆ ನೆಲಕ್ಕೆ ಬಡಿದು ಬಿದ್ದಾಗ ಅವರ ಬೆರಳುಗಳು ಸೆಟೆದು ನಿಂತವು. ಸ್ಟ್ರೆಚರ್‌ನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ನಾಲ್ಕು ದಿನ ಮೊದಲಿನ ಪಂದ್ಯದಲ್ಲೂ ಅವರು ಪೆಟ್ಟು ತಿಂದು ತತ್ತರಿಸಿದ್ದರು. ಮಿದುಳಿಗೆ ಮತ್ತೆಮತ್ತೆ ಆಗುವ ಇಂಥ ಆಘಾತ ಗುಣವಾಗುವ ತರಚುಗಾಯವಲ್ಲ.

ತಪ್ಪಿಸಿಕೊಳ್ಳುವುದೆಂದರೆ ಓಡುವುದು ಎಂಬ ಭ್ರಮೆಯನ್ನೂ ಈ ವಿಡಿಯೊಗಳು ಬೆಳೆಸುತ್ತವೆ. ಕೇಲೆಬ್ ವಿಲಿಯಮ್ಸ್ ಕಾಲೇಜು ಮಟ್ಟದಲ್ಲಿ ಹಾಗೆ ಜಾರಿಕೊಂಡು, ಸುತ್ತಿ ಸುತ್ತಿ ಎಸೆದೇ ಹೆಸರಾದವರು. 2022ರಲ್ಲಿ ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದರು, 2024ರಲ್ಲಿ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊದಲಿಗರಾಗಿ ಶಿಕಾಗೊ ಬೇರ್ಸ್ ಸೇರಿದರು. ಆ ಮೊದಲ ವರ್ಷ 68 ಬಾರಿ ಸ್ಯಾಕ್ ಆದರು! ಕಾಲೇಜಿನಲ್ಲಿ ಒಂದು ಕ್ಷಣ ಹೆಚ್ಚು ಚೆಂಡು ಹಿಡಿದರೆ ಅದು ಅದ್ಭುತ ಆಟ. ಇಲ್ಲಿ ಎದುರಾಳಿಗಳೆಲ್ಲರೂ ಚುರುಕು, ಅದೇ ಕ್ಷಣ ನೆಲಕ್ಕೆ ಕೆಡವುತ್ತದೆ. 2025ರಲ್ಲಿ ಬೆನ್ ಜಾನ್ಸನ್ ಹೊಸ ಕೋಚ್ ಆಗಿ ಬಂದರು, ಗೋಡೆಯ ನಡುವಿನ ಮೂವರನ್ನೂ ತಂಡ ಬದಲಿಸಿತು. ಆ ವರ್ಷ ಸ್ಯಾಕ್‌ಗಳ ಸಂಖ್ಯೆ 24. ಹುಡುಗ ಕಲಿತದ್ದೆಷ್ಟು, ಗೋಡೆ ಗಟ್ಟಿಯಾದದ್ದೆಷ್ಟು ಎಂದು ಈ ಒಂದು ಅಂಕಿಯಿಂದ ಬೇರ್ಪಡಿಸಲಾಗದು. ಎರಡೂ ಇದೆ ಎನ್ನುವುದೇ ನ್ಯಾಯ. ಸ್ಯಾಕ್ ಆಯಿತೆಂದರೆ ಕ್ವಾರ್ಟರ್‌ಬ್ಯಾಕ್‌ನನ್ನೇ ಬಯ್ಯುವುದೂ, ಗೋಡೆಯವರನ್ನೇ ಬಯ್ಯುವುದೂ ಅರ್ಧಸತ್ಯ.

ಕಾಲಿನ ವೇಗವೇ ಮುಖ್ಯವಾಗಿದ್ದರೆ ಟಾಮ್ ಬ್ರೇಡಿ ಯಾವಾಗಲೋ ಮರೆತುಹೋಗಬೇಕಿತ್ತು. 2000ದ ಪರೀಕ್ಷೆಯಲ್ಲಿ ಅವರು 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡರು. ಎನ್‌ಎಫ್‌ಎಲ್ ಲೆಕ್ಕದಲ್ಲಿ ಅದು ಆಮೆ ನಡಿಗೆ. ಆಯ್ಕೆಯಾದದ್ದು 199ನೆಯವರಾಗಿ, ಗೆದ್ದದ್ದು ಏಳು ಸೂಪರ್ ಬೌಲ್.

ಈ ಕೌಶಲಕ್ಕೆ ಒಂದು ಗಡಿಯೂ ಇದೆ. 1973ರಲ್ಲಿ ಚೇಸ್ ಮತ್ತು ಸೈಮನ್ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ ಚೆಸ್ ಪ್ರವೀಣರು ನಿಜವಾದ ಪಂದ್ಯದ ಕಾಯಿಗಳ ಜೋಡಣೆಯನ್ನು ಐದು ಸೆಕೆಂಡ್ ನೋಡಿ ಹೊಸಬರಿಗಿಂತ ಬಹಳ ಚೆನ್ನಾಗಿ ನೆನಪಿಟ್ಟರು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟಾಗ ಆ ಮೇಲುಗೈ ಬಹುತೇಕ ಮಾಯ. ಪಳಗಿದವನ ಕಣ್ಣು ಪಳಗಿರುವುದು ತನ್ನ ಆಟದ ವಿನ್ಯಾಸಗಳಿಗೆ ಮಾತ್ರ.

ಇದು ನಮ್ಮ ಪೋಷಕರಿಗೂ ಸಂಬಂಧಪಟ್ಟ ವಿಷಯ. ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಹೆಸರಿನ ತರಗತಿಗಳು ಮಕ್ಕಳಿಗೆ ಕಣ್ಣು ಕಟ್ಟಿ ಓದಿಸುತ್ತೇವೆ, ಕಾಣದ್ದನ್ನು ಕಾಣಿಸುತ್ತೇವೆ ಎಂದು ಸಾವಿರಗಟ್ಟಲೆ ಹಣ ಕೀಳುತ್ತ ಬಂದಿವೆ. ಮಧ್ಯಮಿದುಳು ಕಣ್ಣಿನ ಚಲನೆಯಂಥ ಕೆಲಸಗಳನ್ನು ಹುಟ್ಟಿನಿಂದಲೇ ಮಾಡುತ್ತಿದೆ, ಅದನ್ನು ಯಾರೂ ಬಂದು ಚಾಲೂ ಮಾಡಬೇಕಿಲ್ಲ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ದಾವೆಗಳಿಗೆ ಬಹಿರಂಗ ಸವಾಲು ಹಾಕುತ್ತ, ಪಟ್ಟಿ ಕಟ್ಟಿದ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ನೋಡುತ್ತಾರೆ ಎಂದು ತೋರಿಸಿದ್ದಾರೆ. ಪರೀಕ್ಷೆ ನೀವೂ ಮಾಡಬಹುದು: ಆ ಸಂದಿಗೆ ಹತ್ತಿ ತುಂಬಿ, ಪುಸ್ತಕವನ್ನು ಮಡಿಲಲ್ಲಿಡದೆ ಹಣೆಯ ಎತ್ತರಕ್ಕೆ ಹಿಡಿದು ಓದಲು ಹೇಳಿ.